ಹಲ್ಲು ಮೇಸ್ತ್ರಿಯ ಬೆಟ್ಟಸಾಲು

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನಮ್ಮ ದೊಡ್ಡಪ್ಪನ ಕೈ ಕೆಸರಾದರೆ ಊರವರ ಬಾಯಿಗೆ ಹಲ್ಲು. ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕಿರುಕೋಣೆಯಲ್ಲಿ ಮೂವತ್ತೆಂಟು ವರ್ಷ ಕೂತು, ಪ್ಲಾಸ್ಟರಿನಲ್ಲಿ ಅಚ್ಚು ಹೊಯ್ದು, ಮೇಣದ ಮೇಲೆ ಹಲ್ಲು ಜೋಡಿಸಿ, ಅವರು ಕಟ್ಟಿದ ಸೆಟ್ಟುಗಳು ಎಷ್ಟೋ. ಜನ ಅವರನ್ನು ಹಲ್ಲು ಮೇಸ್ತ್ರಿ ಎಂದೇ ಕರೆಯುತ್ತಾರೆ. ಬೀದಿಯಲ್ಲಿ ಯಾರಾದರೂ ನಕ್ಕರೆ ದೊಡ್ಡಪ್ಪ ಮುಖ ನೋಡುವುದಿಲ್ಲ, ಹಲ್ಲು ನೋಡುತ್ತಾರೆ. ‘ಇದು ನಂದೇ’ ಎಂದು ನನ್ನನ್ನು ತಿವಿಯುತ್ತಾರೆ.

ಕೆಲಸ ಬಿಟ್ಟ ಮೇಲೆ ಅವರು ಮಹಡಿಯ ಕೋಣೆಯಲ್ಲಿ ಎರಡು ಹಳೆಯ ಬಾಗಿಲು ಜೋಡಿಸಿ ಮೇಜು ಮಾಡಿ, ಅದರ ಮೇಲೆ ರೈಲು ಹಾಕಿದರು. ಒಂದು ಇಂಜಿನ್, ನಾಲ್ಕು ಬೋಗಿ, ಒಂದು ಸ್ಟೇಷನ್, ಒಂದು ಸುರಂಗ. ಆಟದ ರೈಲು ಅನ್ನಬಾರದು, ಅಂದರೆ ಆ ದಿನವೆಲ್ಲ ಮಾತಿಲ್ಲ. ಮಾದರಿ ರೈಲು ಅನ್ನಬೇಕು. ಎರಡು ವರ್ಷವಾದರೂ ಅದರ ಹಿಂದೆ ಬರೀ ಗೋಡೆ. ರೈಲು ಸುರಂಗದಿಂದ ಗತ್ತಿನಲ್ಲಿ ಹೊರಬಂದು ಸುಣ್ಣದ ಚಕ್ಕೆಗಳನ್ನು ನೋಡಿಕೊಂಡು ಹೋಗುತ್ತಿತ್ತು.

ಕೆಳಗೆ ಹಾಲಿನಲ್ಲಿ ದೊಡ್ಡಮ್ಮನ ಹೊಲಿಗೆ ಮಷೀನು. ಓಡಾಡುವವರೆಲ್ಲ ಅದಕ್ಕೆ ಎಡವುತ್ತಿದ್ದರು. ಒಂದು ದಿನ ದೊಡ್ಡಮ್ಮ ಮಹಡಿ ಹತ್ತಿ ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತರು.

“ರೀ, ಈ ತಿಂಗಳ ಕೊನೆಯೊಳಗೆ ಇದು ನೋಡೋ ಹಾಗಾದ್ರೆ ಇರಲಿ. ಇಲ್ಲಾಂದ್ರೆ ನನ್ನ ಮಷೀನು ಇಲ್ಲಿಗೆ ಬರುತ್ತೆ, ನಿಮ್ಮ ರೈಲು ಅಟ್ಟ ಹತ್ತುತ್ತೆ.”

ದೊಡ್ಡಮ್ಮ ಹೇಳಿದರೆ ಮಾಡಿಯೇ ತೀರುವವರು. ದೊಡ್ಡಪ್ಪ ಅವತ್ತೇ ನನ್ನನ್ನು ಕರೆಸಿದರು. ತಮ್ಮನ ಮಗಳಿಗೆ ಚಿತ್ರ ಬರುತ್ತದೆ ಎಂಬ ತಪ್ಪು ತಿಳಿವಳಿಕೆ ಅವರಿಗಿದೆ.

ಬೆಟ್ಟ, ಆಕಾಶವನ್ನು ಅವರು ಯೋಜಿಸಿದ್ದು ಥೇಟು ಬಾಯಿಗೆ ಸೆಟ್ಟು ಯೋಜಿಸಿದ ಹಾಗೆ. ಹಲ್ಲಿನ ಬಣ್ಣ ಹೊಂದಿಸುವ ಮಾದರಿ ಹಲ್ಲುಗಳ ಪಟ್ಟಿಯನ್ನು ಕಿಟಕಿಯಾಚೆ ಹಿಡಿದು, ಒಂದೊಂದನ್ನೇ ಮೋಡದ ಪಕ್ಕ ಇಟ್ಟು ನೋಡಿದರು. “ಇದು ಸಿಗರೇಟು ಸೇದೋರ ಬಣ್ಣ, ಬೇಡ” ಎಂದು ಒಂದು ಮೋಡವನ್ನೇ ತಳ್ಳಿಹಾಕಿದರು. ದಿಗಂತದ ಗೆರೆ ನೋಡುವವರ ಕಣ್ಣಿನ ಮಟ್ಟಕ್ಕೆ ಬರಬೇಕಂತೆ. ಯಾರ ಕಣ್ಣು ಎಂದು ನಾನು ಕೇಳಿದೆ. “ಪಾಸು ಮಾಡೋರ ಕಣ್ಣು” ಎಂದು ದೊಡ್ಡಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಗೆರೆ ಎಳೆದರು. ಮೂಲೆ ಕಾಣದ ಹಾಗೆ ಹಾರ್ಡ್‌ಬೋರ್ಡ್ ಬಾಗಿಸಿ ನಿಲ್ಲಿಸಿ, ಆಕಾಶಕ್ಕೆ ನಾನು ನೀಲಿ ಬಳಿದೆ. ಬೆಟ್ಟ ಮಾತ್ರ ಅವರ ಪಾಲು. ಪ್ಲಾಸ್ಟರ್ ಅಂದರೆ ಅವರಿಗೆ ನೀರು ಕುಡಿದಷ್ಟು ಸುಲಭ.

ಬೆಟ್ಟ ಎದ್ದಿತು. ದೊಡ್ಡಮ್ಮ ಬಂದು ನೋಡಿ, “ಇದೇನ್ರೀ, ಬಾಯಿ ಬಿಟ್ಕೊಂಡು ಕೂತಿದೆ!” ಎಂದರು.

ನಿಜವೇ. ಹದಿನಾಲ್ಕು ಶಿಖರಗಳು. ನಡುವೆ ಎರಡು ಅಗಲವಾದವು, ಆಚೀಚೆ ಸಣ್ಣವು, ಆಮೇಲೆ ಕೋರೆ, ಕೊನೆಗೆ ದವಡೆ. ಎಡಕ್ಕಿದ್ದದ್ದೇ ಬಲಕ್ಕೆ. ಬುಡಕ್ಕೆ ಮಣ್ಣಿನ ಬಣ್ಣವೆಂದು ಮೆತ್ತಿದ್ದು ಸೆಟ್ಟು ಕಟ್ಟುವ ಕೆಲಸದಲ್ಲಿ ಉಳಿದಿದ್ದ ಗುಲಾಬಿ ಬಣ್ಣ. ಅಪ್ಪಟ ಒಸಡು! ಮನೆಮಂದಿಗೆಲ್ಲ ಕಂಡದ್ದು ಅವರೊಬ್ಬರಿಗೆ ಕಂಡಿರಲಿಲ್ಲ.

ಒಡೆದು ಮತ್ತೆ ಕಟ್ಟಿದರು. ಮತ್ತೆ ಹಲ್ಲು. ಮೂರನೆಯ ಸಲವೂ ಹಲ್ಲೇ. “ದೂರದ ಬೆಟ್ಟ ನುಣ್ಣಗೆ ಅಂತ ಗಾದೆನೇ ಇದೆಯಲ್ಲೇ” ಎನ್ನುತ್ತಾ ಉಪ್ಪುಕಾಗದದಿಂದ ತಿಕ್ಕಿ ಹೊಳಪು ಬೇರೆ ಕೊಟ್ಟರು. ಸೊಟ್ಟ ಕಂಡರೆ ನೆಟ್ಟಗೆ ಮಾಡುವುದೇ ಕಸುಬಾದ ಕೈಗೆ ಬೆಟ್ಟ ಯಾವುದು, ಹಲ್ಲು ಯಾವುದು ಎಂದು ಹೇಗೆ ತಿಳಿಯಬೇಕು? ತಿಂಗಳು ಮುಗಿಯಲು ನಾಲ್ಕೇ ದಿನ ಉಳಿದಿತ್ತು. ನನಗೆ ರೇಗಿತು.

“ದೊಡ್ಡಪ್ಪಾ, ಸೊಟ್ಟಗಿದ್ದೂ ಚೆನ್ನಾಗಿರೋದು ನೀವು ಒಂದೂ ನೋಡಿಲ್ವಾ? ಅದನ್ನ ನೆನಪು ಮಾಡ್ಕೊಂಡು ಮಾಡಿ.”

ಅವರು ಉಪ್ಪುಕಾಗದ ಕೆಳಗಿಟ್ಟು ಚಾಕು ಕೈಗೆತ್ತಿಕೊಂಡರು.

ಕೊನೆಯ ದಿನ ದೊಡ್ಡಮ್ಮ ಕುರ್ಚಿಯಲ್ಲಿ ಕೂತರು. ರೈಲು ಸುರಂಗದಿಂದ ಹೊರಬಂತು. ಹಿಂದೆ ಮಸುಕು ನೀಲಿ, ಮುಂದೆ ಹಸಿರು, ಏರುಪೇರಾದ ನಿಜವಾದ ಬೆಟ್ಟಗಳು. ನಡುವಿನ ಒಂದು ಬೆಟ್ಟ ಪಕ್ಕದ್ದರ ಹೆಗಲಿಗೆ ಒರಗಿ ನಿಂತಿತ್ತು. ಗೆದ್ದೆವು ಅಂದುಕೊಂಡೆ.

“ಚೆನ್ನಾಗಿದೆ” ಎಂದ ದೊಡ್ಡಮ್ಮ ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ ನೋಡಿದರು. ಮುಖ ಕೆಂಪಾಯಿತು. “ಆ ಒಂದನ್ನ ನೆಟ್ಟಗೆ ಮಾಡಿ. ರೂಮು ನಿಮ್ಮದು.”

ಹೆಂಡತಿಯ ಮಾತಿಗೆ ಎಂದೂ ಎದುರಾಡದ ದೊಡ್ಡಪ್ಪ, “ಆಗಲ್ಲ” ಎಂದರು. ನಾನು ಅವರ ಅಂಗಿ ಜಗ್ಗಿದೆ. “ರೈಲು ಬೇಕಾದ್ರೆ ಅಟ್ಟಕ್ಕೆ ಹಾಕು. ಅದನ್ನ ಮಾತ್ರ ಮುಟ್ಟಲ್ಲ.”

ಆಗ ನನಗೆ ಹೊಳೆಯಿತು. ದೊಡ್ಡಮ್ಮನಿಗೆ ಸ್ವಂತ ಹಲ್ಲುಗಳಿದ್ದಾಗ ಮುಂದಿನದೊಂದು ಪಕ್ಕದ್ದರ ಮೇಲೆ ಹೀಗೇ ಒರಗಿಕೊಂಡಿತ್ತು. ಆರು ವರ್ಷದ ಹಿಂದೆ ಎಲ್ಲ ತೆಗೆಸಿದಾಗ ಹೊಸ ಸೆಟ್ಟು ಕಟ್ಟಿದವರು ದೊಡ್ಡಪ್ಪನೇ. ಮುತ್ತು ಪೋಣಿಸಿದಂಥ ಸಾಲು, ಒಂದೂ ಆಚೀಚೆ ಇಲ್ಲ.

“ಒಂದ್ಸಲ ನೆಟ್ಟಗೆ ಮಾಡಿದೀನಿ” ಎಂದರು ದೊಡ್ಡಪ್ಪ. “ಎಲ್ಲಾರೂ ಹೊಗಳಿದ್ರು. ಅವತ್ತಿಂದ ನೀನು ನಕ್ಕಾಗೆಲ್ಲ ಬೇರೆ ಯಾರೋ ನಕ್ಕ ಹಾಗಿರುತ್ತೆ ಕಣೇ.”

ದೊಡ್ಡಮ್ಮನಿಗೆ ಅಳುವೂ ಬಂತು, ಸಿಟ್ಟೂ ಬಂತು. “ಆರು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ರಾ? ನಾನೂ ಕನ್ನಡಿ ನೋಡ್ಕೋತೀನಿ. ನಿಮ್ಮ ಕೈಕೆಲಸ ಅಂತ ಸುಮ್ನಿದ್ದೆ.”

ಅಷ್ಟು ಹೇಳಿ ಮೇಲಿನ ಸೆಟ್ಟನ್ನು ಬಾಯಿಂದ ಕಳಚಿ, ರೈಲು ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ಇಟ್ಟರು. ಬೊಚ್ಚುಬಾಯಲ್ಲೇ ಹುಕುಂ ಬಂತು: “ಆ ಬೆಟ್ಟಕ್ಕೆ ಮಾಡಿದ್ದನ್ನ ಇದಕ್ಕೂ ಮಾಡಿ. ಮಷೀನು ಹಾಲಲ್ಲೇ ಇರಲಿ.”

ದೊಡ್ಡಪ್ಪ ಸೆಟ್ಟನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಹಳೆಯ ಕ್ಲಿನಿಕ್ಕಿಗೆ ಓಡಿದರು. ನಾಲ್ಕು ದಿನ ದೊಡ್ಡಮ್ಮ ಮೆತ್ತಗಿನದನ್ನೇ ತಿಂದರು. ಐದನೆಯ ದಿನ ಕೆಳಗೆ ಅಡುಗೆಮನೆಯಲ್ಲಿ ಅವರು ಯಾವುದಕ್ಕೋ ಜೋರಾಗಿ ನಕ್ಕದ್ದು ಮಹಡಿಗೆ ಕೇಳಿಸಿತು. ದೊಡ್ಡಪ್ಪ ರೈಲನ್ನು ಓಡುತ್ತಿದ್ದಂತೆಯೇ ಬಿಟ್ಟು, ನೋಡಲು ಕೆಳಗಿಳಿದು ಹೋದರು.