ಎಡವಿ ಬೀಳುವ ಬುರುಲ್

ಬಿಷ್ಕೆಕ್ ನಗರದ ದರ್ಜಿ ಬುರುಲ್‌ಗೆ ತಾಗದ ವಸ್ತುವಿಲ್ಲ. ಮೊಣಕೈ ಸುಟ್ಟರೆ ಇಸ್ತ್ರಿಪೆಟ್ಟಿಗೆ, ತುಟಿ ಒಡೆದರೆ ಬೀರು, ಕಣ್ಣು ಊದಿದರೆ ಬಸ್ಸಿನ ಬಾಗಿಲು. “ನನ್ನ ಕಂಡ್ರೆ ಗೋಡೇನೂ ಎದ್ದು ಬರುತ್ತೆ ಕಣ್ರೇ” ಎಂದು ತಾನೇ ಮೊದಲು ನಗುವಳು. ಜೊತೆಗಿರುವ ಕುಂದುಜ್ ನೆರೆಹೊರೆಯವರ ಪಾಲಿಗೆ ಅವಳ ಚಿಕ್ಕಮ್ಮನ ಮಗಳು. ಪ್ರೇಯಸಿಯೆಂದು ಬಲ್ಲವರು ಭಾನುವಾರ ಚಹಾಕ್ಕೆ ಸೇರುವ ಅವರಂಥ ಹೆಂಗಸರು ಮಾತ್ರ. ಪಕ್ಕದ ಮನೆಯವನು ಹೆಂಡತಿಗೆ ಹೊಡೆದರೆ “ಗಂಡಸರ ಬುದ್ಧಿಯೇ ಇಷ್ಟು” ಎಂದು ಜೋರಾಗಿ ಬೈಯುವವಳೂ ಬುರುಲೇ. ಮೊನ್ನೆ ಚಹಾಕ್ಕೆ ಹೊಸದಾಗಿ ಬಂದ ಹುಡುಗಿಯೊಬ್ಬಳು, ಜೊತೆಗೆ ಬಂದ ತನ್ನ ಗೆಳತಿ ಆಚೆ ಹೋದದ್ದೇ ತಡ, ಮೆಲ್ಲಗೆ ಕೇಳಿದಳು: “ಅಕ್ಕಾ, ಅವಳು ಹೊಡೆದ್ರೆ ನಾವು ಯಾರಿಗೆ ಹೇಳೋದು?” ತಮಾಷೆಗೆಂದು ಬಾಯಿ ತೆರೆದ ಬುರುಲ್ ಸುತ್ತ ನೋಡಿದಳು. ಅರ್ಧಕ್ಕರ್ಧ ಹೆಂಗಸರು ಚಹಾದ ಬಟ್ಟಲಿಗೆ ಮುಖ ತಗ್ಗಿಸಿದ್ದರು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. “ನನಗೆ ಹೇಳೇ,” ಎಂದಳು, “ನಾನಂತೂ ನನ್ನದನ್ನ ಇಲ್ಲೀವರೆಗೆ ಯಾರಿಗೂ ಹೇಳಿಲ್ಲ.”