ಖಡಕ್ ರೊಟ್ಟಿಯೂ ನಮ್ಮವರ ಕಿವಿಯೂ

ಗಂಡನ ಹೆಸರು ಬಾಯಲ್ಲಿ ಹೇಳಬಾರದೆಂದು ನಮ್ಮ ಅತ್ತೆ ನನಗೆ ಕಲಿಸಿದ್ದರು. ಆದರೆ ಧನಕವಡಿಯ ನಮ್ಮ ಸೊಸೈಟಿಯಲ್ಲಿ ಆ ಹೆಸರು ಓದದವರೇ ಇಲ್ಲ. ಲಿಫ್ಟಿನೊಳಗೆ, ಮೆಟ್ಟಿಲ ಗೋಡೆಗೆ, ಪಾರ್ಕಿಂಗಿನ ಕಂಬಕ್ಕೆ ನಮ್ಮವರು ಬರೆದು ತೂಗುಹಾಕಿದ ಫಲಕಗಳಿವೆ. ಪ್ರತಿಯೊಂದರ ಕೆಳಗೂ ‘ಮಾರ್ತಾಂಡ ಹೊಸೂರ’ ಎಂಬ ಸಹಿ. ಇನ್ನು ನಾನೊಬ್ಬಳು ಮುಚ್ಚಿಟ್ಟು ಮಾಡುವುದೇನಿದೆ?

ಪುಣೆಯ ಮಂದಿ ಜಗಳವನ್ನು ಬಾಯಿಂದ ಆಡುವುದಕ್ಕಿಂತ ಫಲಕದ ಮೇಲೆ ಬರೆದು ಆಡುವುದೇ ಹೆಚ್ಚು. ಈ ಊರಿಗೆ ಬಂದ ವರ್ಷವೇ ನಮ್ಮವರು ಈ ಪದ್ಧತಿಯನ್ನು ಕಲಿತುಬಿಟ್ಟರು. ಮರಾಠಿ ಮಾತಾಡುವಾಗ ಇವತ್ತಿಗೂ ನಡುವೆ ಸವದತ್ತಿಯ ಕನ್ನಡ ನುಸುಳುತ್ತದೆ, ಆದರೆ ಫಲಕದ ಮರಾಠಿ ಮಾತ್ರ ಚೊಕ್ಕ. ನಮ್ಮ ಬಾಗಿಲ ಮೇಲಿರುವುದರ ಅರ್ಥ ಹೀಗಿದೆ: ‘ಬೆಲ್ ಒಂದೇ ಸಲ ಒತ್ತಿರಿ. ಮನೆಯಲ್ಲಿ ಯಾರೂ ಕಿವುಡರಲ್ಲ, ದುರ್ದೈವ.’ ಲಿಫ್ಟಿನಲ್ಲಿರುವುದು: ‘ಬಾಗಿಲನ್ನು ಮೆಲ್ಲಗೆ ಎಳೆಯಿರಿ. ಅದು ನಿಮಗೆ ಏನೂ ಅನ್ಯಾಯ ಮಾಡಿಲ್ಲ.’

ಇಷ್ಟಕ್ಕೆಲ್ಲ ಕಾರಣ ಅವರ ಕಿವಿ. ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ನಮ್ಮವರ ಕೆಲಸ ಸಿಡಿಮದ್ದನ್ನು ಪರೀಕ್ಷೆ ಮಾಡುವುದಾಗಿತ್ತು. ಗುಂಡಿ ಒತ್ತಿದರೆ ನೆಲ ನಡುಗುವಂಥ ಸದ್ದು. ಅದನ್ನು ಕೇಳಿಸಿಕೊಂಡೇ ನೌಕರಿ ಮುಗಿಸಿದ ಮನುಷ್ಯ ಮನೆಯಲ್ಲಿ ಚಮಚ ಬಿದ್ದರೆ ಮುಖ ಹಿಂಡುತ್ತಾರೆ. ಹಪ್ಪಳ ಮುರಿದರೆ ಎದ್ದು ಹೋಗುತ್ತಾರೆ. ಇದೇನ್ರಿ ನಿಮ್ಮ ತಮಾಷೆ ಎಂದು ಕೇಳಿದ್ದಕ್ಕೆ, ಅಲ್ಲಿ ಗುಂಡಿ ಒತ್ತುತ್ತಿದ್ದವನು ನಾನು, ನಾನು ಮಾಡಿಸಿದ ಸದ್ದು ನನಗೆ ಹತ್ತುವುದಿಲ್ಲ, ಹತ್ತುವುದು ಬೇರೆಯವರ ಸದ್ದು ಎಂದರು. ಕಿವಿಯ ಡಾಕ್ಟರರೂ ಅದನ್ನೇ ಬೇರೆ ಮಾತಿನಲ್ಲಿ ಹೇಳಿದರು. ಕಿವಿಗೆ ರೋಗವಿಲ್ಲ, ಸಣ್ಣ ಸದ್ದೂ ಇವರಿಗೆ ದೊಡ್ಡದಾಗಿ ತಾಗುತ್ತದೆ, ಇದು ಹಟವಲ್ಲ, ನಿಜವಾದ ತೊಂದರೆ ಎಂದರು. ಆ ದಿನ ನಮ್ಮವರು ಪದಕ ಸಿಕ್ಕವರ ಹಾಗೆ ಮನೆಗೆ ಬಂದರು.

ನಿಜವಾದ ತೊಂದರೆ ಎಂದು ನಾನೂ ಒಪ್ಪಿಕೊಂಡೆ. ಆದರೆ ಅದರ ಜೊತೆ ಸಂಸಾರ ಮಾಡುವವರಿಗೆ ಯಾವ ಡಾಕ್ಟರೂ ಚೀಟಿ ಬರೆದುಕೊಡುವುದಿಲ್ಲ. ನಮ್ಮ ಕುರ್ಚಿಗಳ ಕಾಲಿಗೆ ಟೆನಿಸ್ ಚೆಂಡುಗಳಿವೆ. ಕುಕ್ಕರ್ ಸೀಟಿ ಹೊಡೆಯುವ ಮೊದಲೇ ನಾನು ಓಡಿಹೋಗಿ ಗ್ಯಾಸ್ ಸಣ್ಣ ಮಾಡುತ್ತೇನೆ. ಒಮ್ಮೆ ನನ್ನ ಹಸಿರು ಬಳೆಗಳ ನಡುವೆ ಹತ್ತಿ ತುರುಕಲು ಬಂದಿದ್ದರು, ಆ ದಿನ ಮಾತ್ರ ನಾನು ದನಿ ಎತ್ತಿದೆ.

ಎಲ್ಲಕ್ಕಿಂತ ನನ್ನ ಹೊಟ್ಟೆ ಉರಿಸಿದ್ದು ಖಡಕ್ ರೊಟ್ಟಿ. ಒಣಗಿದ ಜೋಳದ ರೊಟ್ಟಿಯನ್ನು ಶೇಂಗಾ ಚಟ್ನಿ, ಮೊಸರಿನ ಜೊತೆ ಕಟಕಟ ಕಡಿದು ತಿನ್ನದಿದ್ದರೆ ಅದು ರೊಟ್ಟಿಯೇ ಅಲ್ಲ. ನಮ್ಮವರು ಕಡಿಯುತ್ತಾರೆ, ಏಕೆಂದರೆ ಅದು ಅವರದೇ ಸದ್ದು. ನಾನು ಕಡಿದರೆ ಅದು ಬೇರೆಯವರ ಸದ್ದು. ಹಾಗಾಗಿ ಮದುವೆಯಾದಾಗಿನಿಂದ ನಾನು ಖಡಕ್ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ, ಹಲ್ಲಿಲ್ಲದ ಮುದುಕಿಯ ಹಾಗೆ ತಿಂದಿದ್ದೇನೆ. ಹಲ್ಲು ಎಲ್ಲವೂ ಗಟ್ಟಿಯಾಗಿವೆ, ಅದೇ ಸಿಟ್ಟು.

ಹೀಗಿರುವಾಗ ನಮ್ಮ ತಲೆಯ ಮೇಲಿನ ಫ್ಲ್ಯಾಟ್ ಖಾಲಿಯಾಯಿತು. ಅದರ ಮಾಲೀಕರು ಪುಣೆಯ ಆಚೆ ತುದಿಯ ನಿಗಡಿಯಲ್ಲಿರುತ್ತಾರೆ, ಒಳ್ಳೆಯ ಬಾಡಿಗೆದಾರರಿದ್ದರೆ ಹೇಳಿ ಎಂದು ನನಗೆ ಫೋನ್ ಮಾಡಿದರು. ಸಂತೆಯಲ್ಲಿ ಪರಿಚಯವಾದ ಗೋಕಾಕ ಕಡೆಯ ಪಾರವ್ವ ಆಗ ಮನೆ ಹುಡುಕುತ್ತಿದ್ದಳು. ಅವಳ ಗಂಡ ಸಿದ್ರಾಮಪ್ಪ ಕಾಲೇಜಿನ ಹುಡುಗರ ಒಂದು ಮೆಸ್ಸಿನಲ್ಲಿ ಅಡುಗೆಯವನು. ಭಾಳ ಶಾಂತ ಮಂದಿ ಎಂದು ನಾನೇ ಮಾತು ಕೊಟ್ಟು ಮನೆ ಕೊಡಿಸಿದೆ.

ಪಾರವ್ವ ಶಾಂತಳೇ. ಆದರೆ ಅವಳ ಕೈ ಶಾಂತವಲ್ಲ. ಆ ಮೆಸ್ಸಿನಲ್ಲಿ ಉಣ್ಣುವ ಬಾಗಲಕೋಟೆ, ವಿಜಯಪುರದ ಹುಡುಗರಿಗೆಲ್ಲ ರೊಟ್ಟಿ ಮಾಡಿಕೊಡುವವಳು ಅವಳು. ಬೆಳಗಾಗುತ್ತಲೇ ಹಲಗೆ ಹಾಸಿ ಕುಳಿತು ರೊಟ್ಟಿ ಬಡಿಯಲು ಶುರು ಮಾಡುತ್ತಾಳೆ. ಥಪ್ ಥಪ್ ಥಪ್ ಥಪ್. ರೊಟ್ಟಿ ಹಂಚಿಗೆ ಹಾಕುವಷ್ಟು ಹೊತ್ತು ಬಿಡುವು. ಮತ್ತೆ ಥಪ್ ಥಪ್.

ಮೊದಲ ದಿನವೇ ನಮ್ಮವರು ಹಾಸಿಗೆಯಲ್ಲಿ ಎದ್ದು ಕುಳಿತು ಚಾವಣಿ ನೋಡಿದರು. ಮಳೆಗಾಲ ಶುರುವಾಗಿತ್ತು. ಪುಣೆಯಲ್ಲಿ ಈ ಹೊತ್ತಿಗೆ ಗಣಪತಿ ಮೆರವಣಿಗೆಯ ಢೋಲ್ ತಂಡಗಳು ಓಣಿ ಓಣಿಯಲ್ಲಿ ಅಭ್ಯಾಸ ಶುರು ಮಾಡುತ್ತವೆ. ನಮ್ಮವರು ಕ್ಷಣದಲ್ಲೇ ತೀರ್ಮಾನಕ್ಕೆ ಬಂದರು.

“ಮ್ಯಾಲೆ ಯಾವನೋ ಢೋಲ್ ಕಲೀಲಿಕ್ಕೆ ಹತ್ಯಾನ,” ಎಂದರು. “ದಡ್ಡ ಇದ್ದಾನ. ಪ್ರತಿ ಸಲ ಅಲ್ಲೇ ತಾಳ ಮರೀತಾನ ನೋಡು.”

ತಾಳ ಮರೆತದ್ದಲ್ಲ, ರೊಟ್ಟಿ ಬೇಯುತ್ತಿದೆ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಢೋಲ್ ಎಂದರೆ ಗಣಪತಿ ಹೋದ ಮೇಲೆ ನಿಲ್ಲುತ್ತದೆ ಎಂದಾದರೂ ಸಮಾಧಾನ ಪಡುತ್ತಾರೆ. ಮನೆಯಲ್ಲಿ ಮಾರಾಟದ ಅಡುಗೆ ಎಂದು ಗೊತ್ತಾದರೆ ಸೊಸೈಟಿಯ ನಿಯಮ ಹಿಡಿದು ಕೂರುತ್ತಾರೆ, ಪಾರವ್ವ ಗಂಟುಮೂಟೆ ಕಟ್ಟಬೇಕಾಗುತ್ತದೆ. ಇನ್ನೊಂದು ವಿಷಯವೂ ಇತ್ತು. ಅವಳು ಬಂದಾಗಿನಿಂದ ನಮ್ಮ ಮನೆಗೂ ರೊಟ್ಟಿ ಅವಳದೇ. ಮಧ್ಯಾಹ್ನ ನಮ್ಮವರು ಹಿಂದೆ ಕಾರ್ಖಾನೆಯಿಂದ ತಂದಿಟ್ಟ ದೊಡ್ಡ ಕಿವಿಮುಚ್ಚುಗ ಹಾಕಿಕೊಂಡು ಮಲಗಿದಾಗ ಅವಳು ಬಾಲ್ಕನಿಯಿಂದ ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಸುತ್ತಿದ್ದಳು. ಕಾತ್ರಜಿನ ಅಂಗಡಿಯದೆಂದು ನಾನು ಇವರಿಗೆ ಹೇಳಿದ್ದೆ. ತಿಂದು ತಲೆದೂಗಿ, ಪುಣೆಯಲ್ಲಿ ಇಂಥ ರೊಟ್ಟಿ ಕಂಡಿರಲಿಲ್ಲ ಎಂದಿದ್ದರು.

ಹೀಗೆ ನಮ್ಮವರು ಬೆಳಗ್ಗೆ ಆ ಕೈಯನ್ನು ಬೈಯುವುದು, ಮಧ್ಯಾಹ್ನ ಅದೇ ಕೈಯನ್ನು ಹೊಗಳುವುದು ನಡೆಯಿತು. ಬೆಳಗ್ಗೆಯೂ ಆ ಕಿವಿಮುಚ್ಚುಗ ಹಾಕಿಕೊಳ್ಳಿ ಎಂದು ಸಲಹೆ ಕೊಟ್ಟೆ. ಎಚ್ಚರವಿದ್ದಾಗ ಹಾಕಿಕೊಂಡರೆ ಸೋತ ಹಾಗೆ, ನನ್ನ ಮನೆಯಲ್ಲಿ ನಾನು ಯಾರಿಗಾಗಿಯೂ ಕಿವಿ ಮುಚ್ಚಿಕೊಳ್ಳುವುದಿಲ್ಲ ಎಂದರು.

ಮೇಲೆ ಹೋಗಿ ಕೇಳುವ ಜಾತಿಯಲ್ಲ ನಮ್ಮವರು. ಫಲಕ ಬರೆದು ಮೆಟ್ಟಿಲಲ್ಲಿ ತೂಗುಹಾಕಿದರು: ‘ಗಣಪತಿಯ ಕಿವಿ ದೊಡ್ಡವು, ಅವನು ತಡೆದುಕೊಳ್ಳುತ್ತಾನೆ. ಕೆಳಗಿನ ಮನೆಯವರ ಕಿವಿ ಸಣ್ಣವು.’ ಪಾರವ್ವನಿಗೆ ಮರಾಠಿ ಓದಲು ಬರುವುದಿಲ್ಲ. ಅದರಲ್ಲಿ ಏನಿದೆ ಎಂದು ನನ್ನನ್ನೇ ಕೇಳಿದಳು. ನೀರು ಬರುವ ಹೊತ್ತು ಬದಲಾಗಿದೆಯಂತೆ ಎಂದೆ. ಪಾಪ, ಅವಳು ಮನೆಯಲ್ಲಿದ್ದ ಕೊಡ, ಬಕೆಟ್ಟುಗಳನ್ನೆಲ್ಲ ತುಂಬಿಸಿಟ್ಟಳು.

ಫಲಕ ಕೆಲಸ ಮಾಡದಿದ್ದಾಗ ನಮ್ಮವರು ಸೆಕ್ರೆಟರಿ ನೀಲಿಮಾ ತಾಂಬೆಯವರ ಬಳಿ ದೂರು ಕೊಟ್ಟರು. ಆಕೆ ಕೊಲ್ಲಾಪುರದ ಕಡೆಯವರು, ಶಾಲೆಯಲ್ಲಿ ಟೀಚರು. ಭಾನುವಾರ ಪಾರ್ಕಿಂಗಿನಲ್ಲಿ ಸಭೆ ಎಂದು ಗೊತ್ತುಮಾಡಿದರು. ಮಾಲೀಕರು ನಿಗಡಿಯಿಂದ ನನಗೇ ಫೋನ್ ಮಾಡಿ, ದೂರು ನಿಜವೆಂದಾದರೆ ಆ ಮನೆ ಖಾಲಿ ಮಾಡಿಸುತ್ತೇನೆ, ನಿಮ್ಮ ಮಾತಿನ ಮೇಲೆ ಕೊಟ್ಟಿದ್ದೆ ಎಂದರು.

ಅಂದೇ ಮೇಲೆ ಹೋಗಿ ಪಾರವ್ವನಿಗೆ ಎಲ್ಲ ಹೇಳಿದೆ. ಇಬ್ಬರೂ ಸೇರಿ ಹಲಗೆಯ ಕೆಳಗೆ ಕೌದಿ ಮಡಚಿ ಹಾಕಿದೆವು. ಮರುದಿನ ಥಪ್ ಎನ್ನುವುದು ಧಪ್ ಎಂದಾಯಿತು. ನಮ್ಮವರು ಕಿವಿ ನಿಮಿರಿಸಿ ಕೇಳಿ, ಇವತ್ತು ದೊಡ್ಡ ಢೋಲ್ ತಂದಿದ್ದಾರೆ ಎಂದರು.

ಆಮೇಲೆ ಪಾರವ್ವ ರೊಟ್ಟಿ ಬಡಿಯುವುದನ್ನೇ ಬಿಟ್ಟು ಲಟ್ಟಣಿಗೆಯಿಂದ ಲಟ್ಟಿಸತೊಡಗಿದಳು. ಸದ್ದು ನಿಂತಿತು. ಮೇಲಿನವರು ಫಲಕಕ್ಕೆ ಹೆದರಿದರು ಎಂದು ನಮ್ಮವರು ಬೀಗುತ್ತಾ ಊಟಕ್ಕೆ ಕುಳಿತರು. ಒಂದು ತುತ್ತು ತಿಂದವರೇ ತಟ್ಟೆ ಸರಿಸಿದರು.

“ಶಾಮಾ, ಈ ರೊಟ್ಟಿಗೆ ಏನಾಗ್ಯದ? ಇದರಾಗ ಜೀವ ಇಲ್ಲ.”

ಮೆಸ್ಸಿನ ಹುಡುಗರೂ ಹಾಗೇ ಅಂದರಂತೆ. ಮೂರನೆಯ ದಿನ ಪಾರವ್ವ ಬುಟ್ಟಿ ಇಳಿಸುವ ಬದಲು ತಾನೇ ಇಳಿದು ಬಂದಳು. ನಮ್ಮವರು ಒಳಗೆ ಮಲಗಿದ್ದರು. ಅವಳ ಕಣ್ಣಲ್ಲಿ ನೀರಿತ್ತು. “ಅಕ್ಕಾರ, ಲಟ್ಟಿಸಿದ್ದು ನನ್ನ ಕೈಗೆ ಬರಂಗಿಲ್ರಿ. ಹಿಂಗಾದ್ರ ಹುಡುಗೂರು ಮೆಸ್ಸು ಬಿಡ್ತಾರು. ಮನಿ ಹೋದ್ರ ಇನ್ನೊಂದ ಹುಡುಕ್ತೀನಿ, ಕೈ ಕೆಟ್ಟರ ಎಲ್ಲಿ ಹುಡುಕ್ಲಿ?” ಎಂದಳು. ಮರುದಿನ ಬೆಳಗ್ಗೆ ಮತ್ತೆ ಥಪ್ ಥಪ್ ಶುರುವಾಯಿತು. ನಮ್ಮವರು ಹಲ್ಲು ಕಚ್ಚಿಕೊಂಡು ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರು. ಆ ಮಧ್ಯಾಹ್ನ ರೊಟ್ಟಿ ತಿಂದು, ಅಂಗಡಿಯವನಿಗೆ ಬುದ್ಧಿ ಬಂತು ಎಂದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಭಾನುವಾರದ ಸಭೆಗೆ ನಮ್ಮವರು ಕಾಲಿಗೆ ಟೆನಿಸ್ ಚೆಂಡು ಹಾಕಿದ ತಮ್ಮ ಕುರ್ಚಿಯನ್ನೇ ಹೊತ್ತುಕೊಂಡು ಹೋದರು. ಪಾರವ್ವ ತಲೆಯ ಮೇಲೆ ಸೆರಗು ಹೊದ್ದು ಒಂದು ಕಂಬದ ಪಕ್ಕ ನಿಂತಿದ್ದಳು. ಸಿದ್ರಾಮಪ್ಪ ಮೆಸ್ಸು ಬಿಟ್ಟು ಬರುವಂತಿರಲಿಲ್ಲ. ನಮ್ಮವರು ಎದ್ದು, ಶಬ್ದ ಎಂಬುದರ ಬಗ್ಗೆ ಸ್ವಲ್ಪ ಹೊತ್ತು ಭಾಷಣ ಮಾಡಿ, ಸಾಕ್ಷಿ ಇದೆ ಎಂದು ಮೊಬೈಲನ್ನು ಮೇಲೆತ್ತಿ ಹಿಡಿದರು. ಪಾರ್ಕಿಂಗಿನ ತುಂಬ ಥಪ್ ಥಪ್ ಎಂದು ಕೇಳಿಸಿತು. ಬಿಡುವು. ಮತ್ತೆ ಥಪ್ ಥಪ್.

ನೀಲಿಮಾ ಮೇಡಂ ಕನ್ನಡಕ ತೆಗೆದು ಇವರ ಮುಖ ನೋಡಿದರು. “ಅಹೋ ಕಾಕಾ, ಹೀ ತರ ಭಾಕರಿ!” ಎಂದರು, ಇದು ಭಾಕರಿಯಲ್ಲವೇ ಎಂದು. ಭಾಕರಿ ಎಂದರೆ ಮರಾಠಿಯವರಿಗೆ ನಮ್ಮ ರೊಟ್ಟಿಯೇ. ಹೆಂಗಸರೆಲ್ಲ ಒಟ್ಟಿಗೆ ನಕ್ಕರು. ಸವದತ್ತಿಯಲ್ಲಿ ಹುಟ್ಟಿ ರೊಟ್ಟಿಯ ಸದ್ದು ತಿಳಿಯದ ನಮ್ಮವರು ಮೊಬೈಲ್ ಹಿಡಿದುಕೊಂಡೇ ನಿಂತರು.

ಆದರೆ ನಗು ನಿಂತ ಮೇಲೆ ಮೇಡಂ ಶಾಲೆಯ ಮುಖ ಮಾಡಿಕೊಂಡರು. ಫ್ಲ್ಯಾಟಿನಲ್ಲಿ ಮಾರಾಟಕ್ಕೆ ಅಡುಗೆ ಮಾಡುವುದು ನಿಯಮದಲ್ಲಿ ಇಲ್ಲ, ಕೆಳಗಿನ ಮನೆಯವರು ಅಡ್ಡಿಯಿಲ್ಲ ಎಂದರೆ ಮಾತ್ರ ನಡೆದೀತು, ಇಲ್ಲವೆಂದರೆ ತಿಂಗಳ ಕೊನೆಗೆ ಮನೆ ಬಿಡಬೇಕು ಎಂದರು. ಎಲ್ಲರೂ ನಮ್ಮವರ ಕಡೆ ತಿರುಗಿದರು. ಅವರ ಮುಖ ಅವಮಾನದಿಂದ ಕೆಂಪಾಗಿತ್ತು. ಆ ಮುಖವನ್ನು ನಾನು ಬಲ್ಲೆ, ಅದರಿಂದ ಒಳ್ಳೆಯ ಮಾತು ಬರುವುದಿಲ್ಲ. ನಾನು ಎದ್ದು ನಿಂತೆ. ಕೈಯ ಬಳೆಗಳೂ ಜೋರಾಗಿಯೇ ಸದ್ದು ಮಾಡಿದವು.

“ನೀವು ದಿನಾ ಹೊಗಳಿಕೋತ ತಿಂತೀರಲ್ಲಾ, ಆ ರೊಟ್ಟಿ ಇದ ನೋಡ್ರಿ,” ಎಂದೆ. “ಕಾತ್ರಜಿನ ಅಂಗಡೀದಲ್ಲ. ಜೀವ ಇಲ್ಲ ಅಂದ್ರಲ್ಲಾ, ಅವು ನಿಮ್ಮ ಕಿವಿ ಸಲುವಾಗಿ ಲಟ್ಟಿಸಿದ್ವು. ಇಕಿಗೆ ಮನಿ ಕೊಡಿಸ್ದಾಕಿ ನಾನು. ಈಗ ಹೇಳ್ರಿ ಏನ್ ಹೇಳ್ತೀರಿ.”

ನಮ್ಮವರು ಮೊಬೈಲಿನ ದನಿ ಸಣ್ಣ ಮಾಡಿ, ಕಿವಿಗೆ ಹಚ್ಚಿ ಇನ್ನೊಮ್ಮೆ ಕೇಳಿದರು. ಬಿಡುವು ಬಂದಾಗ ಮುಖ ಹಿಂಡಲಿಲ್ಲ. ಹಂಚಿಗೆ ಹಾಕುವ ಹೊತ್ತು ಅದು ಎಂದು ಈಗ ತಿಳಿದಿರಬೇಕು. ಕೇಳಿ ಮುಗಿಸಿ ಪಾರವ್ವನ ಕಡೆ ತಿರುಗಿದರು.

“ಲಟ್ಟಿಸಿದ್ದು ನೀವ ಏನ್ರಿ?”

“ಹೌದ್ರಿ ಸಾಹೇಬ್ರ. ಸಪ್ಪಳ ಆಗಬಾರ್ದಂತ.”

“ಇನ್ನ ಮುಂದ ಲಟ್ಟಿಸಬ್ಯಾಡ್ರಿ,” ಎಂದು ಹೇಳಿ, ಕುರ್ಚಿ ಹೊತ್ತುಕೊಂಡು ಲಿಫ್ಟಿನ ಕಡೆ ನಡೆದರು. ಸಭೆಗೆ ತೀರ್ಪು ಅರ್ಥವಾಗಲು ನಾನು ಅದನ್ನು ಮರಾಠಿಯಲ್ಲಿ ಹೇಳಬೇಕಾಯಿತು. ಪಾರವ್ವ ನನ್ನ ಕೈ ಹಿಡಿದು ಬಿಡಲೇ ಇಲ್ಲ.

ಮನೆಯಲ್ಲಿ ನಮ್ಮವರು ಬಹಳ ಹೊತ್ತು ಬಾಲ್ಕನಿಯಲ್ಲಿ ಕುಳಿತಿದ್ದರು. ಚಹಾ ಕೊಡಲು ಹೋದಾಗ ನನ್ನ ಮುಖ ನೋಡದೆ ಹೇಳಿದರು. “ನಮ್ಮವ್ವ ಒಲೀ ಮುಂದ ಕೂತು ಬಡೀತಿದ್ಲು. ನಾ ಬಾಜೂಕ ಮಲಗಿರ್ತಿದ್ದೆ. ಅದು ನೆಲದಿಂದ ಬರೋ ಸಪ್ಪಳ ಶಾಮಾ. ಹಿಂಗ ಮ್ಯಾಲಿಂದ ಬಂದ್ರ ಹ್ಯಾಂಗ ಗುರ್ತು ಸಿಗಬೇಕು?” ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಆದರೆ ಪೂರ್ತಿ ಅಲ್ಲ.

ಗಣಪತಿಯ ಕಿವಿಯ ಫಲಕ ಮರುದಿನ ಮಾಯವಾಗಿ, ಅಲ್ಲಿ ಬೇರೊಂದು ಬಂತು: ‘ಮೇಲಿನ ಮನೆಯ ಸದ್ದು ಭಾಕರಿಯದು. ತೊಂದರೆಯಾದವರು ಮೊದಲು ಒಂದು ತಿಂದು ನೋಡಿ, ಆಮೇಲೆ ದೂರು ಕೊಡಿ.’ ಅವರ ಕಿವಿ ಮೊದಲಿನ ಹಾಗೇ ಇದೆ. ಚಮಚ ಬಿದ್ದರೆ ಈಗಲೂ ಮುಖ ಹಿಂಡುತ್ತಾರೆ. ಬೆಳಗಿನ ಥಪ್ ಥಪ್‌ಗೆ ಮಾತ್ರ ಏಳುವುದಿಲ್ಲ, ಮಗ್ಗಲು ಬದಲಿಸಿ ಮಲಗುತ್ತಾರೆ.

ಅದೇ ವಾರ ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ನಾನು ಮಜ್ಜಿಗೆಯ ಬಟ್ಟಲನ್ನು ದೂರ ಸರಿಸಿದೆ. ಒಣ ರೊಟ್ಟಿ ತೆಗೆದುಕೊಂಡು, ಚಟ್ನಿ ಹಚ್ಚಿ, ಅವರ ಮುಖ ನೋಡುತ್ತಲೇ ಕಡಿದೆ. ಕಟಕ್ ಎಂದಿತು. ಆಹಾ, ಎಂಥ ರುಚಿ. ನಮ್ಮವರ ಭುಜ ಕಿವಿಯವರೆಗೆ ಏರಿತು. ಕೈಯಲ್ಲಿದ್ದ ತುತ್ತು ಬಿಟ್ಟು ಎದ್ದು ಒಳಗೆ ಹೋದರು. ಹೋಗಲಿ ಎಂದುಕೊಂಡೆ, ಆದರೂ ಮನಸ್ಸಿಗೆ ಪಿಚ್ಚೆನಿಸಿತು.

ತಿರುಗಿ ಬಂದಾಗ ತಲೆಯ ಮೇಲೆ ಕಾರ್ಖಾನೆಯ ಆ ದೊಡ್ಡ ಕಿವಿಮುಚ್ಚುಗ ಇತ್ತು. ನನ್ನೆದುರು ಕುಳಿತರು. ಬುಟ್ಟಿಯಿಂದ ಇನ್ನೊಂದು ಖಡಕ್ ರೊಟ್ಟಿ ತೆಗೆದು ನನ್ನ ತಟ್ಟೆಗೆ ಹಾಕಿ, ತಿನ್ನು ಎಂದು ಕೈಸನ್ನೆ ಮಾಡಿದರು.