ಉಮ್ಮನ ಹಂಡೆಯ ಬಾಯಿ ತೆರೆಸಿದ ಮಧ್ಯಾಹ್ನ

ಸುಟ್ಟ ಮೈದಾ ಹಿಟ್ಟಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಎಡಗಿವಿ ತನ್ನಷ್ಟಕ್ಕೇ ಬಿಸಿಯಾಗುತ್ತದೆ. ಕಾರಣವನ್ನು ನಾನೇ ಹೇಳಿಬಿಡುತ್ತೇನೆ, ಬೇರೆಯವರ ಬಾಯಿಂದ ನೀವು ಕೇಳುವುದು ಬೇಡ. ಕೊಚ್ಚಿಯ ಮಟ್ಟಾಂಚೇರಿಯ ಉಮ್ಮನ ಹೋಟೆಲಿನಲ್ಲಿ ಒಂದು ಭಾನುವಾರ ಊಟಕ್ಕೆ ಕೂತಿದ್ದ ಅಷ್ಟೂ ಜನರ ತಟ್ಟೆಗೆ ಅರೆಬೆಂದ ಬಿರಿಯಾನಿ ಬೀಳುವಂತೆ ಮಾಡಿದ ಮಹಾನುಭಾವ ನಾನೇ. ಆಗ ಐದನೇ ಕ್ಲಾಸು. ಅವತ್ತು ಅಲ್ಲೇ ನಮ್ಮ ಮೇಜಿನಲ್ಲಿ ನನ್ನ ಚಿಕ್ಕಪ್ಪನ ಮದುವೆಯ ಮಾತೂ ನಡೆಯುತ್ತಿತ್ತು, ಅದು ಮುರಿದುಬಿದ್ದರೆ ಇನ್ನೊಂದು ಸಂಬಂಧ ಹುಡುಕುವ ತಾಕತ್ತು ಮನೆಯಲ್ಲಿ ಯಾರಿಗೂ ಉಳಿದಿರಲಿಲ್ಲ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ. ಹಸಿವಾಗಿತ್ತು, ಅಷ್ಟೇ. ಜೊತೆಗೆ ಯಾರ ದನಿಯನ್ನು ಬೇಕಾದರೂ ಗಂಟಲಲ್ಲಿ ತರಬಲ್ಲೆನೆಂಬ ಜಂಬ ಬೇರೆ. ಆ ಜಂಬ ಇನ್ನೂ ಇಳಿದಿಲ್ಲ. ಆಫೀಸಿನಲ್ಲಿ ನಮ್ಮ ಮ್ಯಾನೇಜರು ರಜೆ ಹಾಕಿದ ದಿನ ಅವರ ದನಿ ಮಾತ್ರ ಡ್ಯೂಟಿಗೆ ಬಂದಿರುತ್ತದೆ.

ಮೊನ್ನೆ ತಿರುವನಂತಪುರದಲ್ಲಿ ಚಿಕ್ಕಮ್ಮನನ್ನು ಒಂದು ಹೊಸ ರೆಸ್ಟೋರೆಂಟಿಗೆ ಕರೆದುಕೊಂಡು ಹೋಗಿದ್ದೆ. ಚಿಕ್ಕಪ್ಪ ತೀರಿಹೋಗಿ ವರ್ಷವಾಗುತ್ತ ಬಂತು. ತಂಪಾನೂರಿನ ಹಿಂದಿನ ಓಣಿಯ ತನ್ನ ಮನೆಯಿಂದ ಅವಳು ಊಟಕ್ಕೆಂದು ಹೊರಗೆ ಬಂದದ್ದು ಅದೇ ಮೊದಲು. ನಾನು ಇಲ್ಲೇ ಐಟಿ ಪಾರ್ಕಿನಲ್ಲಿ ಕೆಲಸಕ್ಕಿದ್ದರೂ ವಾರಕ್ಕೊಮ್ಮೆ ಅವಳ ಕೈಯಡುಗೆ ಉಂಡು ಕೈತೊಳೆದು ಹೋಗುವುದನ್ನೇ ಸೇವೆ ಅಂದುಕೊಂಡಿದ್ದೆ. ಆ ರೆಸ್ಟೋರೆಂಟಿನ ಗೋಡೆಯ ಮೇಲೆ ‘ಇಡೀ ರಾತ್ರಿ ಕೆಂಡದ ಮೇಲೆ ಬೆಂದ ಮಟನ್’ ಎಂದು ದೀಪ ಹಾಕಿ ಬರೆದಿದ್ದರು. ಹೇಳಿದ್ದೇ ತಡ, ನೀರಿನ ಲೋಟಕ್ಕಿಂತ ಮೊದಲು ಮಣ್ಣಿನ ಮಡಕೆ ಬಂತು, ಬಾಯಿಗೆ ಹಿಟ್ಟಿನ ಮುದ್ರೆ. ಸಪ್ಲೈಯರ್ ಹುಡುಗ ಸೌಟಿನ ಹಿಂಬದಿಯಿಂದ ಅದನ್ನು ಟಪ್ಪೆಂದು ಒಡೆದು, ನಾವು ಫೋಟೋ ತೆಗೆಯಲೆಂದು ಒಂದು ಹೆಜ್ಜೆ ಹಿಂದೆ ಸರಿದು ನಿಂತ. ನಾನು ಸುಮ್ಮನಿರುವವನಲ್ಲ, “ಈ ಹಿಟ್ಟೂ ರಾತ್ರಿಯಿಡೀ ಬೆಂದಿದೆಯಾ?” ಎಂದು ಅವನದೇ ಮಲಯಾಳದಲ್ಲಿ ಕೇಳಿದೆ. ಪಾಪ, ಒಳ್ಳೆಯ ಹುಡುಗ, ನಗುತ್ತ ನಿಜ ಹೇಳಿದ: ಮಾಂಸ ಬೇರೆ ಬೇಯುತ್ತದೆ, ಹಿಟ್ಟು ಕೊನೆಯಲ್ಲಿ ಹಚ್ಚಿ ಕೆಂಪಗೆ ಮಾಡುವುದು. ಮಾಂಸ ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಆದರೆ ಚಿಕ್ಕಮ್ಮ ಮಡಕೆಯನ್ನೇ ನೋಡುತ್ತ, “ಇಷ್ಟು ಬೇಗ ಬಂದ್ಬಿಟ್ರೆ ಮಾತಾಡೋದು ಯಾವಾಗೋ?” ಅಂದಳು. ಅಷ್ಟರಲ್ಲಿ ಆ ಸುಟ್ಟ ಹಿಟ್ಟಿನ ವಾಸನೆ ಮೇಲೆದ್ದಿತ್ತು. ಕೈ ಹಾಗೇ ಕಿವಿಗೆ ಹೋಯಿತು.

ಆಗ ನಾವಿದ್ದದ್ದು ಕೊಚ್ಚಿಯ ಕಲೂರಿನಲ್ಲಿ, ಬಸ್ ಸ್ಟ್ಯಾಂಡಿನ ಹಿಂದೆ, ಹಂಚಿನ ಬಾಡಿಗೆ ಮನೆ. ಬೆಳಗಾಗುತ್ತಿದ್ದದ್ದು ಕಂಡಕ್ಟರುಗಳ ‘ಆಲುವ ಆಲುವ ಆಲುವ’ ಎಂಬ ಊರ ಹೆಸರಿನ ಕೂಗಿನಿಂದ. ಹಾಸಿಗೆಯಲ್ಲಿ ಮಲಗಿಕೊಂಡೇ ನಾನೂ ಕೂಗುತ್ತಿದ್ದೆ, ಒಮ್ಮೊಮ್ಮೆ ನಮ್ಮ ಗೇಟಿನ ಹತ್ತಿರ ಯಾರಾದರೂ ಬಸ್ಸು ಹುಡುಕುತ್ತ ನಿಲ್ಲುವುದೂ ಇತ್ತು. ಮೈಸೂರು ಕಡೆಯ ನಮ್ಮನ್ನು ಅಲ್ಲಿಗೆ ತಂದು ಹಾಕಿದ್ದು ಏಲೂರಿನ ಗೊಬ್ಬರದ ಕಾರ್ಖಾನೆ. ಅಪ್ಪ ಸಂಜೆ ಬಂದು ಅಂಗಿ ಬಿಚ್ಚಿದರೆ ಮೂಗು ಚುರುಗುಟ್ಟುವ ಅಮೋನಿಯ ವಾಸನೆ, ಅದರ ಹಿಂದೆಯೇ ಅಮ್ಮ ಬಾಣಲೆಗೆ ಹಾಕಿದ ಬೆಳ್ಳುಳ್ಳಿಯ ವಾಸನೆ. ಎರಡೂ ಸೇರಿದರೆ ನನಗೆ ಅದೇ ಮನೆ. ಅಜ್ಜಿಗೆ ಮಲಯಾಳ ಒಂದಕ್ಷರ ಬರುತ್ತಿರಲಿಲ್ಲ. ಬಾಗಿಲಲ್ಲಿ ಬುಟ್ಟಿ ಇಳಿಸುವ ಮೀನು ಮಾರುವ ಚೇಚಿಯ, ಅಂದರೆ ಅಕ್ಕನ, ಜೊತೆ ಅವಳು ಅಪ್ಪಟ ಮೈಸೂರು ಕನ್ನಡದಲ್ಲಿ ಜಗಳವಾಡುತ್ತಿದ್ದಳು, ಚೇಚಿ ಮಲಯಾಳದಲ್ಲಿ ತಿರುಗಿಸಿ ಕೊಡುತ್ತಿದ್ದಳು, ಇಬ್ಬರೂ ಸೋಲುತ್ತಿರಲಿಲ್ಲ, ಕೊನೆಗೆ ಇಬ್ಬರೂ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಆ ಇಡೀ ಜಗಳವನ್ನು ರಾತ್ರಿ ಊಟದ ಹೊತ್ತಿಗೆ ನಾನೊಬ್ಬನೇ ಎರಡು ದನಿಯಲ್ಲಿ ಆಡಿ ತೋರಿಸಬೇಕು. ಈಗ ಅಜ್ಜಿಯಿಲ್ಲ. ಮನೆಯಿದ್ದ ಜಾಗದಲ್ಲಿ ಮೊಬೈಲ್ ಅಂಗಡಿಗಳ ನಾಲ್ಕಂತಸ್ತಿನ ಕಟ್ಟಡ. ನೋಡಲು ಹೋದ ದಿನ, ಅಡುಗೆಮನೆ ಎಲ್ಲಿತ್ತೆಂದು ಲೆಕ್ಕ ಹಾಕಿ ಹಾಕಿ, ಚಾರ್ಜರ್ ಮಾರುವ ಹುಡುಗನ ಕೌಂಟರಿನ ಮುಂದೆ ಬಂದು ನಿಂತೆ. ಏನು ಬೇಕೆಂದು ಕೇಳಿದ. ಒಂದು ಕೇಬಲ್ ತೆಗೆದುಕೊಂಡು ಬಂದೆ. ನಿಮಗೂ ಅಂಥ ಒಂದು ಮನೆ ಇದ್ದರೆ, ನೀವೂ ಬೇಡದ್ದೇನನ್ನೋ ಕೊಂಡು ಬಂದಿರುತ್ತೀರಿ.

ನನ್ನ ಆಟಗಳಿಗೆಲ್ಲ ಮುಖ್ಯ ಪ್ರೇಕ್ಷಕ ಚಿಕ್ಕಪ್ಪ. ಅಪ್ಪನ ತಮ್ಮ, ಅದೇ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಗಾಜಿನ ನಳಿಕೆಯಿಂದ ಹನಿ ಹನಿಯಾಗಿ ದ್ರಾವಣ ಬಿಡುತ್ತ, ಕೆಳಗಿನ ನೀರು ಬಣ್ಣ ಬದಲಿಸುವ ಗಳಿಗೆಯನ್ನು ಕಾಯುವುದು. ಆ ಕೆಲಸಕ್ಕಾಗಿಯೇ ಹುಟ್ಟಿದವನಂತಿದ್ದ, ಅಥವಾ ಆ ಕೆಲಸವೇ ಅವನನ್ನು ಹಾಗೆ ಮಾಡಿತ್ತೋ, ಯೋಚಿಸಿದಷ್ಟೂ ನನಗೆ ಗೊತ್ತಾಗಿಲ್ಲ. ಯಾವ ಮಾತಿಗೂ ಮೊದಲು ‘ನಾನೇನ್ ಹೇಳ್ತಿದ್ದೆ ಅಂದ್ರೆ’ ಎನ್ನುತ್ತಿದ್ದ, ಆಮೇಲೆ ಮಾತು ಅಲ್ಲಿಗೇ ನಿಲ್ಲಿಸುತ್ತಿದ್ದ. ಆ ನಿಲುಗಡೆಯಲ್ಲಿ ಅಮ್ಮ ಒಂದು ಚಪಾತಿ ಬೇಯಿಸಿ ಮುಗಿಸಬಹುದಿತ್ತು. ಅವನ ಮಾತನ್ನು ಅಣಕಿಸುವುದು ಸುಲಭ, ಮೌನವನ್ನು ಅಣಕಿಸುವುದು ಕಷ್ಟ. ನಾನು ಎರಡನ್ನೂ ಕಲಿತಿದ್ದೆ. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕು ಸುಸ್ತಾದ ಮೇಲೆ, ಎಲ್ಲೋ ದೂರದಿಂದ ಬಂದಂತೆ ಅವನ ನಗು ಬರುತ್ತಿತ್ತು, ಬಂದರೆ ಬೇಗ ಹೋಗುತ್ತಿರಲಿಲ್ಲ. ಇಂಥವನಿಗೆ ಹೆಣ್ಣು ನೋಡುವ ಶಾಸ್ತ್ರ ಹೇಗೆ ಕೂಡಿ ಬರಬೇಕು? ಮೈಸೂರಿನ ಕಡೆ ಹೋದಲ್ಲೆಲ್ಲ ಉಪ್ಪಿಟ್ಟು ಕಾಫಿ ಬರುವುದು, ಮುಗಿಯುವುದು, ಹುಡುಗಿ ಎದ್ದು ಒಳಗೆ ಹೋಗುವುದು, ಆಮೇಲೆ ಚಿಕ್ಕಪ್ಪ ‘ನಾನೇನ್ ಹೇಳ್ತಿದ್ದೆ ಅಂದ್ರೆ’ ಎಂದು ಖಾಲಿ ಕುರ್ಚಿಗೆ ಹೇಳುವುದು. ‘ಹುಡುಗನಿಗೆ ಏನೋ ತೊಂದರೆ ಇರಬೇಕು’ ಎಂದು ಒಬ್ಬರು ಬಾಯಿಬಿಟ್ಟು ಹೇಳಿಯೂ ಕಳಿಸಿದ್ದರು. ಆ ದಿನ ಅಜ್ಜಿ ಊಟ ಮಾಡಲಿಲ್ಲ. ನಾನೂ ಅಣಕಿಸಲಿಲ್ಲ.

ತಿರುವನಂತಪುರದ ಸಂಬಂಧ ಬಂದಾಗ ಚಿಕ್ಕಪ್ಪನೇ ಉಪಾಯ ಹೇಳಿದ. ಹುಡುಗಿಯ ತಂದೆ ರಾಜಣ್ಣನವರು ಹಾಸನದವರು, ತಂಪಾನೂರಿನ ಒಂದು ಲಾಡ್ಜಿನಲ್ಲಿ ಮ್ಯಾನೇಜರು. “ಅವರನ್ನ ಮನೆಗೆ ಕರೀಬೇಡಿ, ಮಟ್ಟಾಂಚೇರಿಗೆ ಕರೀರಿ,” ಅಂದ. ಅಪ್ಪ ಕಣ್ಣು ಬಿಟ್ಟ. “ಅಲ್ವೋ, ಆ ಉಮ್ಮನ ಹೋಟ್ಲಲ್ಲಿ ಜೀವ ಹೋಗೋವರ್ಗೂ ಕಾಯಿಸ್ತಾರಲ್ಲೋ!” ಚಿಕ್ಕಪ್ಪ ನಿಂತು, ನಿಂತು, “ಅದಕ್ಕೇ,” ಎಂದ. ಬೇರೆ ಕಡೆ ಅವನು ಬಾಯಿ ತೆರೆಯುವಷ್ಟರಲ್ಲಿ ಎಲೆ ಎತ್ತಿರುತ್ತಾರೆ; ಉಮ್ಮನಲ್ಲಿ ಊಟ ಬರುವ ಮೊದಲು ಅವನು ಎರಡು ಮಾತಾದರೂ ಆಡಬಹುದು. ಇಷ್ಟು ಚಂದದ ಲೆಕ್ಕಾಚಾರ ಅವನ ತಲೆಯಲ್ಲಿದೆಯೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ.

ಉಮ್ಮನ ಹೋಟೆಲೆಂದರೆ ಎರ್ನಾಕುಲಂ ಜೆಟ್ಟಿಯಿಂದ ದೋಣಿ ಹತ್ತಿ ಆಚೆ ದಡಕ್ಕೆ ಹೋಗಿ, ಮೆಣಸು ಶುಂಠಿಯ ಹಳೇ ಗೋದಾಮುಗಳ ಬೀದಿಯಲ್ಲಿ ಮೂಗು ಹೇಳಿದ ಕಡೆ ತಿರುಗಿದರೆ ಸಿಗುವ ಒಂದು ಮನೆ. ಬೋರ್ಡಿಲ್ಲ; ಉಮ್ಮ ಎಂದರೆ ಅಲ್ಲಿಯ ಮುಸ್ಲಿಮರ ಮಾತಿನಲ್ಲಿ ಅಮ್ಮ, ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ಜಗಲಿಯಲ್ಲಿ ಒಂದಿಷ್ಟು ಮೇಜು. ಹಿತ್ತಿಲಲ್ಲಿ ದೊಡ್ಡ ತಾಮ್ರದ ಹಂಡೆ, ಅದರ ಮುಚ್ಚಳದ ಸುತ್ತ ಹಿಟ್ಟಿನ ಮುದ್ರೆ, ಮೇಲೆ ಕೆಳಗೆ ತೆಂಗಿನ ಚಿಪ್ಪಿನ ಕೆಂಡ. ಹಂಡೆಯ ಪಕ್ಕ ಉಮ್ಮನ ತಮ್ಮ ಆಲಿಕ್ಕ. ಆದರೆ ಮುದ್ರೆ ಯಾವಾಗ ಒಡೆಯಬೇಕೆಂದು ಹೇಳುವುದು ಅವರಲ್ಲ. ಬೆಳಗಿಂದ ಹೊಗೆ ಕುಡಿದ ಮೂಗಿಗೆ ಹದ ತಿಳಿಯುವುದಿಲ್ಲವೆಂದು ಉಮ್ಮ ಮುಂದಿನ ಬಾಗಿಲಲ್ಲಿ ಗಾಳಿಗೆ ಕೂತಿರುತ್ತಿದ್ದರು. ಮಸಾಲೆಯ ಹಸಿ ವಾಸನೆ ಹೋಗಿ, ಅಕ್ಕಿಯ ವಾಸನೆ ಬಂದು, ಕೊನೆಗೆ ಆ ಹಿಟ್ಟಿನಂಚು ಸುಡುವ ವಾಸನೆ ಜಗಲಿಗೆ ತಲುಪಿದಾಗ, “ಆಲಿಯೇ, ಪೊಟ್ಟಿಚ್ಚೋ!” ಎಂದು ಒಂದು ಕೂಗು. ಒಡೆದುಬಿಡು ಅಂತ. ಆ ಕೂಗಿಗೆ ಇಡೀ ಜಗಲಿ ನೆಟ್ಟಗೆ ಕೂರುತ್ತಿತ್ತು. ಅಲ್ಲಿಯವರೆಗೆ ಕೊಡುತ್ತಿದ್ದದ್ದು ನಿಂಬೆ ಹಿಂಡಿದ ಸುಲೈಮಾನಿ ಚಹಾ ಮಾತ್ರ. ಒಂದು ಬಿಸ್ಕತ್ತು ಕೇಳಿದರೂ, ಹಸಿವನ್ನು ಯಾಕೆ ಕೊಲ್ಲುತ್ತೀಯೆಂದು ಉಮ್ಮ ಗದರುತ್ತಿದ್ದರು. ಕಾದು ಕಾದು ಸಿಟ್ಟು ಬಂದು, ಸಿಟ್ಟೂ ಸುಸ್ತಾಗಿ, ಇನ್ನೆಂದೂ ಇಲ್ಲಿಗೆ ಬರಬಾರದೆಂದು ತೀರ್ಮಾನಿಸುವ ಹೊತ್ತಿಗೆ ಸರಿಯಾಗಿ ತಟ್ಟೆ ಬರುತ್ತಿತ್ತು. ಮೂಳೆಯನ್ನು ಮುಟ್ಟಿದರೆ ಮಾಂಸ ತಾನೇ ಬಿಟ್ಟುಕೊಡುತ್ತಿತ್ತು. ಸಣ್ಣಕ್ಕಿಯ ಒಂದೊಂದು ಕಾಳೂ ಬೇರೆ, ತುಪ್ಪದಲ್ಲಿ ಕಂದಿದ ಈರುಳ್ಳಿಯ ಸಿಹಿ, ಆಮೇಲೆ ಬೆರಳುಗಳಲ್ಲಿ ಉಳಿಯುವ ಪರಿಮಳವನ್ನು ವಾಪಸು ದೋಣಿಯಲ್ಲಿ ಮೂಸುತ್ತ ಬರುವುದು. ಅಷ್ಟು ಸಿಟ್ಟು ಎಲ್ಲಿ ಹೋಗುತ್ತಿತ್ತು? ಅದನ್ನು ಕಂಡುಹಿಡಿಯಲೆಂದೇ ಮತ್ತೆ ಹೋಗುತ್ತಿದ್ದೆವೇನೋ. ಈಗ ಆ ಮನೆಗೂ ಬೀಗ. ಉಮ್ಮ ಹೋದ ಮೇಲೆ ಆಲಿಕ್ಕ ಒಲೆ ಹಚ್ಚಲಿಲ್ಲವಂತೆ; ಯಾರ ಕೂಗಿಗೆ ಒಡೆಯಲಿ ಎಂದರಂತೆ.

ಆ ಭಾನುವಾರ ನಾವು ನಾಲ್ವರು, ಅವರಿಬ್ಬರು. ಅಜ್ಜಿ ಮಂಡಿನೋವೆಂದು ಮನೆಯಲ್ಲೇ ದೇವರ ಮುಂದೆ ಕೂತಿದ್ದಳು. ರಾಜಣ್ಣನವರು ಬಂದಾಗಿನಿಂದ ವಾಚು ನೋಡುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಜನರಿಂದ ಹೊತ್ತಿಗೆ ಸರಿಯಾಗಿ ರೂಮು ಖಾಲಿ ಮಾಡಿಸುವವರಿಗೆ ನಮ್ಮನ್ನೂ ಖಾಲಿ ಮಾಡಿಸುವ ಆತುರವಿದ್ದಂತಿತ್ತು. ಅವರ ಮಗಳು ವಸುಧಾ ಮಾತ್ರ ಜಗಲಿಯ ತೊಲೆ, ಸುಲೈಮಾನಿಯ ಬಣ್ಣ, ಹಿತ್ತಿಲಿನ ಹೊಗೆ, ಎಲ್ಲವನ್ನೂ ಪರೀಕ್ಷೆಗೆ ಬಂದವಳಂತೆ ನೋಡಿದಳು. ಚಿಕ್ಕಪ್ಪನ ಲ್ಯಾಬಿನ ಕೆಲಸವನ್ನು ಅಪ್ಪ ವರ್ಣಿಸಿ ಮುಗಿಸಿದ ಮೇಲೆ ಅವನ ಕಡೆ ತಿರುಗಿ, “ದಿನಾ ಆ ಹನಿ ಬೀಳೋದನ್ನೇ ನೋಡ್ತಾ ಇರ್ತೀರಲ್ಲ, ಬೇಜಾರಾಗಲ್ವಾ?” ಎಂದು ಕೇಳಿದಳು. ಯಾರೂ ಅವನನ್ನು ಈ ಪ್ರಶ್ನೆ ಕೇಳಿರಲಿಲ್ಲ. ನಾವೂ ಕೇಳಿರಲಿಲ್ಲ. ಚಿಕ್ಕಪ್ಪ ಲೋಟ ಕೆಳಗಿಟ್ಟ. “ನಾನೇನ್ ಹೇಳ್ತಿದ್ದೆ ಅಂದ್ರೆ,” ಎಂದ. ನಿಂತ.

ಈ ನಿಲುಗಡೆ ಎಷ್ಟು ಉದ್ದವೆಂದು ನನಗೆ ಗೊತ್ತಿತ್ತಲ್ಲ, ಕೈ ತೊಳೆಯುವ ನೆಪದಲ್ಲಿ ಎದ್ದೆ. ಉಮ್ಮ ಮಧ್ಯಾಹ್ನದ ನಮಾಜಿಗೆಂದು ಒಳಗಿನ ಕೋಣೆಗೆ ಹೋಗಿದ್ದರು. ಹಿತ್ತಿಲಿನ ಪರದೆಯ ಹಿಂದೆ ಆಲಿಕ್ಕ, ಈಚೆ ನಾನು, ನಡುವೆ ಬಿರಿಯಾನಿಯ ಪರಿಮಳ. ಆ ಕೂಗನ್ನು ಎಷ್ಟು ದಿನ ಬಚ್ಚಲಮನೆಯಲ್ಲಿ ಅಭ್ಯಾಸ ಮಾಡಿದ್ದೆ! ಕೊನೆಯ ಅಕ್ಷರದಲ್ಲಿ ಉಮ್ಮನ ದನಿ ಸ್ವಲ್ಪ ಒಡೆಯುತ್ತದೆ, ಅದನ್ನೂ ಬಿಡಲಿಲ್ಲ. “ಆಲಿಯೇ, ಪೊಟ್ಟಿಚ್ಚೋ!” ಆಚೆಯಿಂದ “ಓ” ಎಂಬ ಉತ್ತರ, ಹಿಂದೆಯೇ ಟಕ್ ಟಕ್ ಸದ್ದು. ನಾನು ವಾಪಸು ಬಂದು ಬಲು ಸಭ್ಯನಂತೆ ಕೂತೆ. ತಟ್ಟೆಗಳು ಬಂದವು. ರಾಜಣ್ಣನವರು ಮೊದಲ ತುತ್ತು ಬಾಯಿಗಿಟ್ಟು, ಅಗಿದು, ಇನ್ನೂ ಅಗಿದು, ಅಪ್ಪನ ಮುಖ ನೋಡಿದರು. ಅಕ್ಕಿ ಕಟಕಟ ಎನ್ನುತ್ತಿತ್ತು. ಮಾಂಸ ಚಪ್ಪಲಿಯಂತಿತ್ತು.

ಉಮ್ಮ ತಲೆಯ ಬಟ್ಟೆ ಸರಿಮಾಡಿಕೊಳ್ಳುತ್ತ ಹೊರಬಂದವರು ತಟ್ಟೆಗಳನ್ನು ಕಂಡು ಅಲ್ಲೇ ನಿಂತರು. ನೀನೇ ಕೂಗಿದೆಯಲ್ಲ ಎಂದು ಆಲಿಕ್ಕ. ನಮಾಜಿನ ನಡುವೆ ಕೂಗುತ್ತೇನಾ ಎಂದು ಉಮ್ಮ. ಅಷ್ಟರಲ್ಲಿ ಅಮ್ಮನಿಗೆ ಎಲ್ಲ ಅರ್ಥವಾಗಿ ನನ್ನ ಎಡಗಿವಿ ಅವಳ ಕೈಯಲ್ಲಿತ್ತು. “ಚಿಕ್ಕಪ್ಪನ ಬಾಳಿಗೆ ಕಲ್ಲು ಹಾಕ್ದೆಯಲ್ಲೋ ಕೋತಿ!” ಉಮ್ಮ ಹತ್ತಿರ ಬಂದರು. ಬಯ್ಯಲಿಲ್ಲ. “ಮೋನೇ, ಇನ್ನೊಂದ್ಸಲ ಕೂಗು ನೋಡೋಣ,” ಎಂದು ಮಗನನ್ನು ಕರೆದಂತೆ ಮಲಯಾಳದಲ್ಲಿ ಹೇಳಿದರು. ಕಿವಿ ಅಮ್ಮನ ಕೈಯಲ್ಲಿ ಇರುವಂತೆಯೇ ಕೂಗಿದೆ. ಎದುರಿಗೇ ನಿಂತಿದ್ದ ಆಲಿಕ್ಕ ಅಭ್ಯಾಸಬಲದಿಂದ “ಓ” ಎಂದುಬಿಟ್ಟರು. ಜಗಲಿಗೆ ಜಗಲಿಯೇ ನಕ್ಕಿತು, ಹಸಿದವರೂ ನಕ್ಕರು. ಉಮ್ಮ ಎಲ್ಲರ ತಟ್ಟೆಯಿಂದ ಮುಟ್ಟದ ಅನ್ನವನ್ನು ಹಿಂದಕ್ಕೆ ಕಳಿಸಿ, ಬಿಸಿನೀರು ಚಿಮುಕಿಸಿ, ಹೊಸ ಹಿಟ್ಟಿನಿಂದ ಹಂಡೆಯ ಬಾಯಿ ಮತ್ತೆ ಮುಚ್ಚಿಸಿದರು. ಇನ್ನೊಂದು ಗಂಟೆ, ಕೂತಿರಿ, ಎಂದರು.

ನಗದೇ ಉಳಿದವರು ರಾಜಣ್ಣನವರು ಒಬ್ಬರೇ. ಅವರು ಎದ್ದರು. “ಇದು ಊಟಾನೋ ತಪಸ್ಸೋ? ಸ್ವಾಮಿ, ನಮಗೆ ಟ್ರೈನಿದೆ. ನಿಮ್ಮ ಮನೇಲಿ ಎಲ್ಲಾ ಹೀಗೇನಾ? ಏಳಮ್ಮ.” ಅಪ್ಪ ಕೈ ಮುಗಿಯುವುದೊಂದು ಬಾಕಿ, ದೋಣಿಯಲ್ಲಿ ಆಚೆ ದಾಟಿದರೆ ಹತ್ತೇ ನಿಮಿಷದಲ್ಲಿ ಬಡಿಸುವ ಹೋಟೆಲುಗಳಿವೆ ಎನ್ನುತ್ತಿದ್ದ. ಅಮ್ಮನ ಕಣ್ಣಲ್ಲಿ ನೀರಿತ್ತು. ಮನೆಯಲ್ಲಿ ಕಾದು ಕೂತ ಅಜ್ಜಿಗೆ ಏನು ಹೇಳುವುದೆಂದು ಯೋಚಿಸುತ್ತಿದ್ದಳೆಂದು ನನಗೆ ತಿಳಿಯಿತು, ಆಗ ಮೊದಲ ಬಾರಿಗೆ ನನಗೆ ಭಯವಾಯಿತು. ಕುರ್ಚಿಗಳು ಸರಿದವು, ರಾಜಣ್ಣನವರ ಒಂದು ಕಾಲು ಆಗಲೇ ಮೆಟ್ಟಿಲ ಮೇಲಿತ್ತು. ಈ ಗದ್ದಲ ಯಾವುದೂ ತನ್ನದಲ್ಲವೆಂಬಂತೆ ಲೋಟವನ್ನೇ ನೋಡುತ್ತಿದ್ದ ಚಿಕ್ಕಪ್ಪ ಮೆಲ್ಲಗೆ ತಲೆಯೆತ್ತಿದ. “ಬೇಜಾರಾಗಲ್ಲ. ಯಾಕಂದ್ರೆ ಆ ಕೊನೇ ಹನಿ ಇದೆಯಲ್ಲ,” ಎಂದ. ಮತ್ತೆ ನಿಂತ.

ವಸುಧಾ ಏಳಲಿಲ್ಲ. ತೊಡೆಯ ಮೇಲಿದ್ದ ಬ್ಯಾಗನ್ನು ತೆಗೆದು ಪಕ್ಕದ ಕುರ್ಚಿಯ ಮೇಲಿಟ್ಟು, ತಂದೆಯ ಕಡೆ ತಿರುಗಿಯೂ ನೋಡದೆ ಹೇಳಿದಳು:

“ಟ್ರೈನು ನಾಳೇನೂ ಇದೆ, ಅಪ್ಪಾ. ಇವರು ಒಂದು ಮಾತು ಶುರು ಮಾಡಿದ್ದಾರೆ, ಮುಗಿಸ್ಲಿ.”